ಒಂದು ತೆರಿಗೆ ನೋಟಿಸ್ ಕಟ್ಟಿದ ಪಕ್ಷ

ಅಮೆರಿಕದ ಎಲೆಕ್ಷನ್ ಬಂತು ಅಂದ್ರೆ ನಮ್ಮ ಸ್ಟುಡಿಯೋದಲ್ಲಿ ಆಳೆತ್ತರದ ಒಂದು ಭೂಪಟ ಬೆಳಗುತ್ತೆ. ಕೆಂಪು ರಾಜ್ಯ, ನೀಲಿ ರಾಜ್ಯ. ಅದರ ಮುಂದೆ ನಿಂತು ನಾನು ಗಂಟೆಗಟ್ಟಲೆ ಮಾತಾಡಿದ್ದೇನೆ. ಪ್ರತಿ ಸಲವೂ ವೀಕ್ಷಕರಿಂದ ಬರುವ ಪ್ರಶ್ನೆ ಒಂದೇ: "ಸಾರ್, ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶ ಅದು. ಸರ್ಕಾರಕ್ಕೂ ಧರ್ಮಕ್ಕೂ ಸಂಬಂಧ ಬೇಡ ಅಂತ ಸಂವಿಧಾನದಲ್ಲೇ ಬರೆದುಕೊಂಡಿದ್ದಾರೆ. ಅಲ್ಲಿ ಯಾಕೆ ಪಾದ್ರಿಗಳ ಮಾತಿಗೆ ಅಭ್ಯರ್ಥಿಗಳು ಇಷ್ಟು ಹೆದರ್ತಾರೆ?"

ಇದಕ್ಕೊಂದು ರೆಡಿಮೇಡ್ ಉತ್ತರ ಇದೆ. ಅಮೆರಿಕದ ಟಿವಿಯವರೂ ಅದನ್ನೇ ಹೇಳ್ತಾರೆ. 1973ರ ಜನವರಿ 22ರಂದು ಅಲ್ಲಿನ ಸುಪ್ರೀಂ ಕೋರ್ಟ್ 'ರೋ ವರ್ಸಸ್ ವೇಡ್' ಪ್ರಕರಣದಲ್ಲಿ ಗರ್ಭಪಾತವನ್ನು ಹೆಣ್ಣಿನ ಹಕ್ಕು ಎಂದಿತು. ಭಕ್ತರು ಕೆರಳಿದರು, ಬೀದಿಗಿಳಿದರು, ಸಂಘಟನೆ ಕಟ್ಟಿದರು, 1980ರಲ್ಲಿ ರೊನಾಲ್ಡ್ ರೇಗನ್ ಅವರನ್ನು ಗೆಲ್ಲಿಸಿದರು. ಕೇಳೋಕೆ ಚೆನ್ನಾಗಿದೆ. ಆದರೆ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಲೆಕ್ಕ ಕೂಡಲ್ಲ.

ನಾನು ಎಂಜಿನಿಯರಿಂಗ್ ಓದಿದವನು. ಬಲ್ಬ್ ಯಾಕೆ ಉರಿಯುತ್ತಿಲ್ಲ ಅಂತ ತಿಳಿಯಬೇಕಾದರೆ ಟೆಸ್ಟರ್ ಹಿಡಿದು ವೈರ್ ಉದ್ದಕ್ಕೂ ಹೋಗ್ತೀವಿ. ಇಲ್ಲೂ ಹಾಗೇ ಮಾಡೋಣ. 1973ರಲ್ಲಿ ಸ್ವಿಚ್ ಒತ್ತಿದ್ದರೆ ಬಲ್ಬ್ 1979ರಲ್ಲಿ ಯಾಕೆ ಹತ್ತಿಕೊಂಡಿತು? ನಡುವಿನ ಆರು ವರ್ಷ ಕರೆಂಟ್ ಎಲ್ಲಿತ್ತು?

ಅಮೆರಿಕದ ಅತಿ ದೊಡ್ಡ ಪ್ರೊಟೆಸ್ಟೆಂಟ್ ಪಂಗಡ ಸದರ್ನ್ ಬ್ಯಾಪ್ಟಿಸ್ಟ್. ಸಂಪ್ರದಾಯಸ್ಥರಲ್ಲಿ ಸಂಪ್ರದಾಯಸ್ಥರು. ಈ ಪಂಗಡದ ಮಹಾಸಭೆ 1971ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಸೇರಿ ಒಂದು ನಿರ್ಣಯ ಮಾಡಿತು. ಅತ್ಯಾಚಾರವಾಗಿದ್ದರೆ, ಭ್ರೂಣಕ್ಕೆ ತೀವ್ರ ತೊಂದರೆ ಇದ್ದರೆ, ತಾಯಿಯ ದೇಹ ಅಥವಾ ಮನಸ್ಸಿನ ಆರೋಗ್ಯಕ್ಕೆ ಹಾನಿ ಇದ್ದರೆ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು ಬೇಕು ಅಂತ. ಹೌದು, ನೀವು ಸರಿಯಾಗೇ ಓದಿದಿರಿ. ರೋ ತೀರ್ಪಿಗೆ ಎರಡು ವರ್ಷ ಮೊದಲೇ! ಆಗ ಗರ್ಭಪಾತದ ವಿರುದ್ಧ ನಿಜವಾಗಿ ಹೋರಾಡುತ್ತಿದ್ದವರು ಕ್ಯಾಥೊಲಿಕ್ ಬಿಷಪ್ಪರು. ಬ್ಯಾಪ್ಟಿಸ್ಟರಲ್ಲಿ ಬಹಳಷ್ಟು ಜನಕ್ಕೆ ಅದು 'ಕ್ಯಾಥೊಲಿಕ್‌ರ ವಿಷಯ' ಆಗಿತ್ತು.

ಹಾಗಾದರೆ ಬ್ಯಾಪ್ಟಿಸ್ಟರನ್ನು ಎಬ್ಬಿಸಿದ್ದು ಏನು? ಅಲ್ಲಿಗೆ ಹೋಗುವ ಮುಂಚೆ ಈ ಜನ ಮೊದಲು ಹೇಗಿದ್ದರು ಅಂತ ತಿಳಿಯಬೇಕು. ಅದಕ್ಕೆ ಒಂದು ಚೀಸ್ ಗಡ್ಡೆಯ ಕಥೆ ಇದೆ.

1802ರ ಜನವರಿ 1. ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಬಾಗಿಲಿಗೆ ಒಂದು ಚೀಸ್ ಬಂದು ನಿಂತಿತು. ತೂಕ 1,235 ಪೌಂಡ್, ನಮ್ಮ ಲೆಕ್ಕದಲ್ಲಿ 560 ಕೆಜಿ. ಮ್ಯಾಸಚೂಸೆಟ್ಸ್‌ನ ಚೆಶೈರ್ ಅನ್ನೋ ಸಣ್ಣ ಊರಿನ ಬ್ಯಾಪ್ಟಿಸ್ಟ್ ರೈತರು ತಮ್ಮ ಹಸುಗಳ ಹಾಲು ಸೇರಿಸಿ ಮಾಡಿದ್ದು. ತಂದವರು ಅವರ ಪಾದ್ರಿ ಜಾನ್ ಲೀಲ್ಯಾಂಡ್. ಯಾಕೆ ಈ ಉಡುಗೊರೆ? ಜೆಫರ್ಸನ್ ಧರ್ಮಶ್ರದ್ಧೆಗೆ ಹೆಸರಾದವರಲ್ಲ. ವಿರೋಧಿಗಳು ಅವರನ್ನು ನಾಸ್ತಿಕ ಅಂತಲೇ ಬೈಯುತ್ತಿದ್ದರು. ಆದರೆ ಸರ್ಕಾರ ಯಾವ ಪಂಗಡವನ್ನೂ ಸಾಕಬಾರದು ಅಂತ ಹೇಳುತ್ತಿದ್ದವರು ಅವರೇ. ಮ್ಯಾಸಚೂಸೆಟ್ಸ್, ಕನೆಕ್ಟಿಕಟ್‌ಗಳಲ್ಲಿ ಆಗ ಸರ್ಕಾರಿ ಚರ್ಚು ಇತ್ತು, ಜನರ ತೆರಿಗೆಯಲ್ಲಿ ನಡೆಯುತ್ತಿತ್ತು. ಬ್ಯಾಪ್ಟಿಸ್ಟರು ಅಲ್ಲಿ ಅಲ್ಪಸಂಖ್ಯಾತರು. ವರ್ಜೀನಿಯಾದಲ್ಲಂತೂ ಸ್ವಾತಂತ್ರ್ಯಕ್ಕೆ ಮುಂಚೆ ಪರವಾನಗಿ ಇಲ್ಲದೆ ಬೋಧನೆ ಮಾಡಿದರು ಅಂತ ಬ್ಯಾಪ್ಟಿಸ್ಟ್ ಪಾದ್ರಿಗಳನ್ನು ಜೈಲಿಗೆ ಹಾಕಿದ್ದುಂಟು.

ಚೀಸ್ ಬಂದ ಅದೇ ದಿನ ಜೆಫರ್ಸನ್ ಒಂದು ಪತ್ರಕ್ಕೆ ಸಹಿ ಹಾಕಿದರು. ಕನೆಕ್ಟಿಕಟ್‌ನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ ಬರೆದ ಪತ್ರ. ಚರ್ಚಿಗೂ ರಾಜ್ಯಕ್ಕೂ ನಡುವೆ ಗೋಡೆ ಇರಬೇಕು ಅನ್ನುವ, ಇವತ್ತಿಗೂ ಅಮೆರಿಕದ ಕೋರ್ಟುಗಳಲ್ಲಿ ಉಲ್ಲೇಖವಾಗುವ ಮಾತು ಆ ಪತ್ರದ್ದು. ಅಂದರೆ ನೋಡಿ, ಆ ಗೋಡೆಗೆ ಇಟ್ಟಿಗೆ ಹೊತ್ತವರು ಬ್ಯಾಪ್ಟಿಸ್ಟರೇ. ಸರ್ಕಾರದಿಂದ ಧರ್ಮಕ್ಕೆ ತೊಂದರೆ ಆಗಬಾರದು ಅನ್ನೋದು ಅವರ ಕಾಳಜಿ.

ಈ ಅಭ್ಯಾಸ 160 ವರ್ಷ ಹೆಚ್ಚುಕಡಿಮೆ ಉಳಿಯಿತು. ನಡುವೆ ಮದ್ಯಪಾನ ನಿಷೇಧದ ಚಳವಳಿ, 1925ರಲ್ಲಿ ಟೆನೆಸ್ಸಿಯ ಡೇಟನ್‌ನಲ್ಲಿ ವಿಕಾಸವಾದದ ಪಾಠದ ಮೇಲೆ ನಡೆದ ವಿಚಾರಣೆ ಇವೆಲ್ಲ ಇವೆ, ಅದು ಬೇರೆ ಅಧ್ಯಾಯ. 1960ರಲ್ಲಿ ಜಾನ್ ಕೆನಡಿ ನಿಂತಾಗ ಪ್ರೊಟೆಸ್ಟೆಂಟ್ ಪಾದ್ರಿಗಳಿಗೇ ಭಯ: ಈ ಕ್ಯಾಥೊಲಿಕ್ ಗೆದ್ದರೆ ರೋಮಿನ ಪೋಪ್ ವಾಷಿಂಗ್ಟನ್ ಆಳ್ತಾರಾ? ಆ ಸೆಪ್ಟೆಂಬರ್ 12ರಂದು ಕೆನಡಿ ಹ್ಯೂಸ್ಟನ್‌ಗೆ ಹೋಗಿ ಪಾದ್ರಿಗಳ ಎದುರು ನಿಂತು, ಚರ್ಚು ಬೇರೆ ಸರ್ಕಾರ ಬೇರೆ, ಯಾವ ಪಾದ್ರಿಯೂ ತನ್ನ ಭಕ್ತರಿಗೆ ಯಾರಿಗೆ ವೋಟು ಹಾಕಬೇಕು ಅಂತ ಹೇಳಬಾರದು ಅಂದರು. ಪಾದ್ರಿಗಳಿಗೆ ಬೇಕಾಗಿದ್ದ ಮಾತು ಅದೇ. ಇಪ್ಪತ್ತೇ ವರ್ಷದಲ್ಲಿ ಅದೇ ಟೆಕ್ಸಾಸ್‌ನಲ್ಲಿ ಸೀನ್ ಪೂರ್ತಿ ಉಲ್ಟಾ ಆಯಿತು. ಬರ್ತೀನಿ ಅಲ್ಲಿಗೆ.

ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿ ಜೆರಿ ಫಾಲ್ವೆಲ್ ಎಂಬ ಪಾದ್ರಿ ಇದ್ದರು. 1956ರಲ್ಲಿ ಚರ್ಚು ಕಟ್ಟಿ, ರೇಡಿಯೋ ಮತ್ತು ಟಿವಿ ಮೂಲಕ ದೊಡ್ಡ ಹೆಸರು ಮಾಡಿದವರು. 1965ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅಲಬಾಮಾದಲ್ಲಿ ಮೆರವಣಿಗೆ ನಡೆಸಿದಾಗ ಫಾಲ್ವೆಲ್ ಒಂದು ಉಪದೇಶ ಕೊಟ್ಟರು. ಪಾದ್ರಿಗಳ ಕೆಲಸ ಆತ್ಮಗಳನ್ನು ಗೆಲ್ಲೋದು, ರಾಜಕಾರಣ ಅಲ್ಲ ಅಂತ. ಕಪ್ಪುಜನರ ಪಾದ್ರಿಗಳು ಬೀದಿಗಿಳಿದಾಗ ಅದು ರಾಜಕೀಯ. ಇದೇ ಫಾಲ್ವೆಲ್ ಎರಡು ವರ್ಷದ ನಂತರ, 1967ರಲ್ಲಿ, ಒಂದು ಶಾಲೆ ತೆರೆದರು. ಅಲ್ಲಿನ ಸ್ಥಳೀಯ ಪತ್ರಿಕೆ ಅದನ್ನು ಬಿಳಿಯರ ಮಕ್ಕಳ ಖಾಸಗಿ ಶಾಲೆ ಅಂತಲೇ ಬರೆಯಿತು.

ಇಂಥ ಶಾಲೆಗಳು ದಕ್ಷಿಣದ ರಾಜ್ಯಗಳಲ್ಲಿ ಅಣಬೆಯಂತೆ ಎದ್ದವು. ಕಾರಣ ಗುಟ್ಟೇನಲ್ಲ. 1954ರಲ್ಲಿ ಸುಪ್ರೀಂ ಕೋರ್ಟ್ ಬಿಳಿಯರಿಗೊಂದು, ಕಪ್ಪುಜನರಿಗೊಂದು ಸರ್ಕಾರಿ ಶಾಲೆ ಇರಕೂಡದು ಎಂದಿತ್ತು. ಮಿಸಿಸಿಪ್ಪಿಯ ಹೋಮ್ಸ್ ಕೌಂಟಿ ನೋಡಿ. ಅಲ್ಲಿ ಶಾಲೆಗಳನ್ನು ಬೆರೆಸಿದ ಮೊದಲ ವರ್ಷ ಸರ್ಕಾರಿ ಶಾಲೆಗಳಲ್ಲಿದ್ದ ಬಿಳಿ ಮಕ್ಕಳ ಸಂಖ್ಯೆ 771ರಿಂದ 28ಕ್ಕೆ ಇಳಿಯಿತು. ಮರುವರ್ಷ ಸೊನ್ನೆ. ಒಂದು ಮಗುವೂ ಇಲ್ಲ. ಎಲ್ಲರೂ ಖಾಸಗಿ 'ಅಕಾಡೆಮಿ' ಸೇರಿದ್ದರು. ಈ ಅಕಾಡೆಮಿಗಳು ಧರ್ಮಾರ್ಥ ಸಂಸ್ಥೆಗಳು ಅಂತ ನೋಂದಣಿಯಾಗಿದ್ದವು, ತೆರಿಗೆ ಇಲ್ಲ. ದಾನ ಕೊಟ್ಟವರಿಗೂ ವಿನಾಯಿತಿ.

ಹೋಮ್ಸ್ ಕೌಂಟಿಯ ಕಪ್ಪು ಪೋಷಕರು 1969ರಲ್ಲಿ ಕೋರ್ಟಿಗೆ ಹೋದರು. ಅವರ ಪ್ರಶ್ನೆ ಸರಳ: ನಮ್ಮ ಮಕ್ಕಳನ್ನು ಒಳಗೆ ಬಿಡದ ಶಾಲೆ ಯಾವ ಲೆಕ್ಕದಲ್ಲಿ ಧರ್ಮಾರ್ಥ? 1971ರ ಜೂನ್‌ನಲ್ಲಿ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಜನಾಂಗ ಭೇದ ಮಾಡುವ ಶಾಲೆಗೆ ತೆರಿಗೆ ವಿನಾಯಿತಿ ಇಲ್ಲ. ನನ್ನ ಪ್ರಕಾರ ಅಮೆರಿಕದ ಇವತ್ತಿನ ರಾಜಕೀಯವನ್ನು ಅರ್ಥಮಾಡಿಕೊಳ್ಳಲು ರೋ ತೀರ್ಪಿನಷ್ಟೇ ಈ ತೀರ್ಪೂ ಮುಖ್ಯ. ಆದರೆ ಇದರ ಹೆಸರು ಎಷ್ಟು ಜನಕ್ಕೆ ಗೊತ್ತು? 'ಗ್ರೀನ್ ವರ್ಸಸ್ ಕಾನಲಿ'.

ಆಮೇಲೆ ನೋಟಿಸ್‌ಗಳು ಹೊರಟವು. ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿ ಬಾಬ್ ಜೋನ್ಸ್ ಯೂನಿವರ್ಸಿಟಿ ಅಂತ ಒಂದು ಕಟ್ಟರ್ ಧಾರ್ಮಿಕ ವಿಶ್ವವಿದ್ಯಾಲಯ. 1971ರವರೆಗೆ ಒಬ್ಬ ಕಪ್ಪು ವಿದ್ಯಾರ್ಥಿಯನ್ನೂ ಸೇರಿಸಿಕೊಂಡಿರಲಿಲ್ಲ. ಆಮೇಲೆ ಮದುವೆಯಾದ ಕಪ್ಪು ವಿದ್ಯಾರ್ಥಿಗಳನ್ನು ಮಾತ್ರ ಸೇರಿಸಿತು. ಯಾಕೆ ಅಂದ್ರೆ ಮದುವೆಯಾಗದವರು ಬಂದರೆ ಬಿಳಿ ಹುಡುಗಿಯರ ಜೊತೆ ಓಡಾಡಿಬಿಟ್ಟರೆ ಅನ್ನೋ ಭಯ! 1976ರ ಜನವರಿಯಲ್ಲಿ ತೆರಿಗೆ ಇಲಾಖೆ ಇದರ ವಿನಾಯಿತಿ ರದ್ದು ಮಾಡಿತು. ಆಗ ಅಧ್ಯಕ್ಷರಾಗಿದ್ದವರು ರಿಪಬ್ಲಿಕನ್ ಪಕ್ಷದ ಜೆರಾಲ್ಡ್ ಫೋರ್ಡ್. ಬೈಗುಳ ತಿಂದವರು ಮಾತ್ರ ಒಂದು ವರ್ಷದ ನಂತರ ಬಂದ ಜಿಮ್ಮಿ ಕಾರ್ಟರ್.

ಪಾಪ ಕಾರ್ಟರ್. ಸ್ವತಃ ಸದರ್ನ್ ಬ್ಯಾಪ್ಟಿಸ್ಟ್, ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ, ದೊಡ್ಡವರಿಗೆ ಬೈಬಲ್ ಪಾಠ ಹೇಳುತ್ತಿದ್ದ ಮನುಷ್ಯ. 1976ರಲ್ಲಿ ಅವರು ಗೆದ್ದ ವರ್ಷವನ್ನು ನ್ಯೂಸ್‌ವೀಕ್ 'ಇವ್ಯಾಂಜೆಲಿಕಲ್‌ರ ವರ್ಷ' ಅಂತ ಕರೆದಿತ್ತು. ನಮ್ಮವನೊಬ್ಬ ಬಂದ ಅಂತ ಭಕ್ತರು ಖುಷಿಪಟ್ಟಿದ್ದರು. 1978ರಲ್ಲಿ ತೆರಿಗೆ ಇಲಾಖೆ ಖಾಸಗಿ ಶಾಲೆಗಳ ಮೇಲೆ ಇನ್ನೂ ಬಿಗಿ ನಿಯಮ ತರಲು ಹೊರಟಿತು. ಲಕ್ಷಕ್ಕೂ ಹೆಚ್ಚು ಪ್ರತಿಭಟನಾ ಪತ್ರಗಳು ಇಲಾಖೆಗೆ ಬಂದು ಬಿದ್ದವು. ಆರು ವರ್ಷ ನಾವು ಟೆಸ್ಟರ್ ಹಿಡಿದು ಹುಡುಕಿದ ಕರೆಂಟು ಇಲ್ಲಿತ್ತು.

ಇದನ್ನು ಹಿಡಿದವರು ಪಾಲ್ ವೈರಿಕ್. ಹೆರಿಟೇಜ್ ಫೌಂಡೇಶನ್ ಕಟ್ಟಿದವರಲ್ಲಿ ಒಬ್ಬರು. ಪಾದ್ರಿ ಅಲ್ಲ, ಪಕ್ಕಾ ರಾಜಕೀಯ ತಂತ್ರಗಾರ. ಧಾರ್ಮಿಕ ಜನರನ್ನು ಒಂದೇ ವೋಟ್‌ಬ್ಯಾಂಕ್ ಮಾಡಬೇಕು ಅಂತ ವರ್ಷಗಟ್ಟಲೆ ಪ್ರಯತ್ನಿಸಿದ್ದರು. ಶಾಲಾ ಪ್ರಾರ್ಥನೆ ಎತ್ತಿದರು, ಅಶ್ಲೀಲತೆ ಎತ್ತಿದರು, ಗರ್ಭಪಾತವನ್ನೂ ಎತ್ತಿದರು. ಕಚ್ಚಿಕೊಂಡಿದ್ದು ಶಾಲೆಗಳ ತೆರಿಗೆ ವಿಷಯ ಅಂತ ಆಮೇಲೆ ಅವರೇ ಹೇಳಿದ್ದಾರೆ. ಈ ಕಥೆಯನ್ನು ದಾಖಲೆಗಳ ಸಮೇತ ಬರೆದ ಡಾರ್ಟ್‌ಮತ್ ಕಾಲೇಜಿನ ಇತಿಹಾಸಕಾರ ರ‍್ಯಾಂಡಲ್ ಬಾಮರ್ ಅವರ ವಾದವೂ ಇದೇ. ಇದನ್ನು ಒಪ್ಪದ ಇತಿಹಾಸಕಾರರೂ ಇದ್ದಾರೆ. ಗರ್ಭಪಾತದ ಬಗ್ಗೆ ಭಕ್ತರ ಮನಸ್ಸು ಎಪ್ಪತ್ತರ ದಶಕದ ಉದ್ದಕ್ಕೂ ನಿಧಾನವಾಗಿ ಬದಲಾಗುತ್ತಿತ್ತು, ಎಲ್ಲವನ್ನೂ ಜನಾಂಗ ದ್ವೇಷಕ್ಕೆ ಕಟ್ಟಬಾರದು ಅಂತಾರೆ. ಅದರಲ್ಲೂ ಹುರುಳಿದೆ. ಬಲ್ಬ್‌ಗೆ ಎರಡು ವೈರ್ ಬೇಕು ತಾನೆ?

ಎರಡನೇ ವೈರ್ ಸಿಕ್ಕಿದ್ದು ಅಯೋವಾದಲ್ಲಿ. 1978ರ ನವೆಂಬರ್, ಎಲೆಕ್ಷನ್‌ಗೆ ಮುಂಚಿನ ಭಾನುವಾರ. ಚರ್ಚುಗಳ ಮುಂದೆ ನಿಂತಿದ್ದ ಕಾರುಗಳ ಮೇಲೆ ಗರ್ಭಪಾತ ವಿರೋಧಿ ಕರಪತ್ರಗಳು. ಗೆದ್ದೇ ಗೆಲ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದ ಡೆಮಾಕ್ರಟಿಕ್ ಸೆನೆಟರ್ ಡಿಕ್ ಕ್ಲಾರ್ಕ್ ಎರಡು ದಿನದ ನಂತರ ಸೋತರು. ವೈರಿಕ್‌ಗೆ ಇಷ್ಟು ಸಾಕಾಯಿತು. ಬಿಳಿಯರ ಶಾಲೆ ಉಳಿಸಿ ಅಂತ ದೇಶದ ಮುಂದೆ ಹೋಗೋಕಾಗಲ್ಲ. ಹುಟ್ಟದ ಮಗುವನ್ನು ಉಳಿಸಿ ಅಂತ ಹೋಗಬಹುದು. 1979ರಲ್ಲಿ ವೈರಿಕ್, ಫಾಲ್ವೆಲ್ ಸೇರಿ 'ಮೋರಲ್ ಮೆಜಾರಿಟಿ' ಸ್ಥಾಪಿಸಿದರು. ಹದಿನಾಲ್ಕು ವರ್ಷದ ಹಿಂದೆ ಪಾದ್ರಿಗೆ ರಾಜಕೀಯ ಬೇಡ ಎಂದಿದ್ದ ಅದೇ ಫಾಲ್ವೆಲ್.

ಈಗ ಟೆಕ್ಸಾಸ್. 1980ರ ಆಗಸ್ಟ್, ಡಲ್ಲಾಸ್. ಸಾವಿರಾರು ಪಾದ್ರಿಗಳು, ಭಕ್ತರು ತುಂಬಿದ ಕ್ರೀಡಾಂಗಣ. ರೇಗನ್ ವೇದಿಕೆ ಹತ್ತಿದರು. ವಿಚ್ಛೇದಿತ, ಹಾಲಿವುಡ್ ನಟ, ಕ್ಯಾಲಿಫೋರ್ನಿಯಾ ಗವರ್ನರ್ ಆಗಿದ್ದಾಗ 1967ರಲ್ಲಿ ಗರ್ಭಪಾತದ ಕಾನೂನನ್ನು ಸಡಿಲಿಸಿದವರು. ನೀವು ನನ್ನನ್ನು ಬೆಂಬಲಿಸುವ ಹಾಗಿಲ್ಲ ಅಂತ ನನಗೆ ಗೊತ್ತು, ಆದರೆ ನಾನು ನಿಮ್ಮನ್ನು ಬೆಂಬಲಿಸ್ತೀನಿ ಅಂದರು. ಬೆಂಬಲಿಸುವ ಹಾಗಿಲ್ಲ ಯಾಕೆ? 1954ರ ಜಾನ್ಸನ್ ತಿದ್ದುಪಡಿ ಪ್ರಕಾರ ತೆರಿಗೆ ವಿನಾಯಿತಿ ಪಡೆದ ಸಂಸ್ಥೆ, ಚರ್ಚು ಸೇರಿ, ಅಭ್ಯರ್ಥಿಯ ಪರ ಪ್ರಚಾರ ಮಾಡಕೂಡದು. ಮತ್ತೆ ತೆರಿಗೆ!

ಆದರೆ ಆ ಸಭೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸೋದು ರೇಗನ್ ಮಾತಲ್ಲ, ವೈರಿಕ್ ಮಾತು. ಎಲ್ಲರೂ ವೋಟು ಹಾಕಬೇಕು ಅಂತ ನನಗೆ ಆಸೆಯಿಲ್ಲ, ವೋಟು ಹಾಕುವವರ ಸಂಖ್ಯೆ ಇಳಿದಷ್ಟೂ ನಮ್ಮ ಲೀವರೇಜ್ ಏರುತ್ತೆ ಅಂತ ಬಹಿರಂಗವಾಗಿ ಹೇಳಿದರು. ವಿಡಿಯೋ ಈಗಲೂ ಇದೆ. ಲೀವರೇಜ್! ಮೆಕ್ಯಾನಿಕ್ಸ್ ಪಾಠ ಕೇಳಿದ ಯಾರಿಗಾದರೂ ಈ ಪದ ಗೊತ್ತು. ಸಣ್ಣ ಬಲದಿಂದ ದೊಡ್ಡ ಭಾರ ಎತ್ತಬೇಕಾದರೆ ಸನ್ನೆಗೋಲು ಉದ್ದ ಇರಬೇಕು, ಆನಿಕೆ ಸರಿಯಾದ ಜಾಗದಲ್ಲಿರಬೇಕು. ಇದು ಬಹುಮತದ ಮಾತಲ್ಲ. ಹೆಸರಲ್ಲಿ ಮಾತ್ರ ಮೆಜಾರಿಟಿ.

ರೇಗನ್ 489 ಎಲೆಕ್ಟೋರಲ್ ವೋಟು ಪಡೆದರು, ಕಾರ್ಟರ್ 49. ಪಾದ್ರಿಗಳಿಲ್ಲದಿದ್ದರೂ ರೇಗನ್ ಗೆಲ್ತಿದ್ದರು ಅಂತ ನನ್ನ ಲೆಕ್ಕ. ಹಣದುಬ್ಬರ, ಇರಾನ್ ಒತ್ತೆಯಾಳು ಬಿಕ್ಕಟ್ಟು ಕಾರ್ಟರ್‌ರನ್ನು ಮೊದಲೇ ಮುಗಿಸಿದ್ದವು. ಗೆದ್ದ ಮೇಲೆ ರೇಗನ್ ಭಕ್ತರಿಗೆ ಕೊಟ್ಟಿದ್ದೇನು? ಬಾಬ್ ಜೋನ್ಸ್‌ಗೆ ವಿನಾಯಿತಿ ವಾಪಸ್ ಕೊಡಿಸಲು 1982ರಲ್ಲಿ ಹೊರಟು ದೇಶದಿಂದ ಉಗಿಸಿಕೊಂಡರು. 1983ರಲ್ಲಿ ಸುಪ್ರೀಂ ಕೋರ್ಟ್ 8-1ರಲ್ಲಿ ವಿಶ್ವವಿದ್ಯಾಲಯದ ವಿರುದ್ಧ ತೀರ್ಪು ಕೊಟ್ಟಿತು. ಭಾಷಣ ಧಾರಾಳ, ಕೆಲಸ ಕಡಿಮೆ.

ಮುಂದಿನವರು ಪಾಠ ಕಲಿತರು. ಟಿವಿ ಪಾದ್ರಿ ಪ್ಯಾಟ್ ರಾಬರ್ಟ್‌ಸನ್ 1988ರಲ್ಲಿ ತಾವೇ ಅಧ್ಯಕ್ಷ ಸ್ಥಾನಕ್ಕೆ ನಿಂತು, ಅಯೋವಾದಲ್ಲಿ ಹಾಲಿ ಉಪಾಧ್ಯಕ್ಷ ಜಾರ್ಜ್ ಬುಷ್ ಅವರನ್ನೇ ಮೂರನೇ ಸ್ಥಾನಕ್ಕೆ ತಳ್ಳಿದರು. ಗೆಲ್ಲಲಿಲ್ಲ. ಬದಲಿಗೆ ಮರುವರ್ಷ 'ಕ್ರಿಶ್ಚಿಯನ್ ಕೊಅಲಿಷನ್' ಕಟ್ಟಿದರು. ಅದನ್ನು ನಡೆಸಿದ ರಾಲ್ಫ್ ರೀಡ್ ವೈಟ್‌ಹೌಸ್ ಬಿಟ್ಟು ಸ್ಕೂಲ್ ಬೋರ್ಡು, ಪಕ್ಷದ ಸ್ಥಳೀಯ ಸಮಿತಿ, ಪ್ರೈಮರಿ ಚುನಾವಣೆಗಳ ಹಿಂದೆ ಬಿದ್ದರು. ಜನ ಕಡಿಮೆ ಬರುವ ಚುನಾವಣೆಗಳು! ಎಲೆಕ್ಷನ್ ಹಿಂದಿನ ಭಾನುವಾರ ಚರ್ಚುಗಳಲ್ಲಿ 'ವೋಟರ್ ಗೈಡ್' ಹಂಚಿಕೆ. ಯಾರಿಗೆ ಹಾಕಿ ಅಂತ ಅದರಲ್ಲಿ ಬರೆದಿರಲ್ಲ. ಯಾರು ಯಾವ ವಿಷಯದಲ್ಲಿ ಏನಂದರು ಅಂತ ಪಟ್ಟಿ, ಅಷ್ಟೇ. ಓದಿದವರಿಗೆ ಗೊತ್ತಾಗುತ್ತೆ.

2004ರಲ್ಲಿ 11 ರಾಜ್ಯಗಳಲ್ಲಿ ಸಲಿಂಗ ವಿವಾಹ ನಿಷೇಧದ ಪ್ರಸ್ತಾವಗಳು ಅಧ್ಯಕ್ಷೀಯ ಚುನಾವಣೆಯ ದಿನವೇ ಮತಕ್ಕೆ ಬಂದವು, ಎಲ್ಲವೂ ಗೆದ್ದವು. ಅದರಲ್ಲಿ ಓಹಾಯೋ ಒಂದು. ಕಿರಿಯ ಬುಷ್ ಅಲ್ಲಿ ಸುಮಾರು 1.18 ಲಕ್ಷ ಮತಗಳಿಂದ ಗೆದ್ದು ಎರಡನೇ ಅವಧಿ ಪಡೆದರು. ಆ ಪ್ರಸ್ತಾವದಿಂದಲೇ ಗೆದ್ದರಾ ಅನ್ನೋದರ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ.

ಸನ್ನೆಗೋಲು ಪೂರ್ತಿ ಕೆಲಸ ಮಾಡಿದ್ದು 2016ರಲ್ಲಿ. ಆ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಆಂಟೊನಿನ್ ಸ್ಕಲಿಯಾ ತೀರಿಕೊಂಡರು. ಒಬಾಮ ಸೂಚಿಸಿದ ಮೆರಿಕ್ ಗಾರ್ಲಂಡ್ ಅವರ ಹೆಸರನ್ನು ಸೆನೆಟ್ ನಾಯಕ ಮಿಚ್ ಮೆಕಾನೆಲ್ ಚರ್ಚೆಗೇ ತೆಗೆದುಕೊಳ್ಳಲಿಲ್ಲ. ಚುನಾವಣೆ ವರ್ಷ, ಜನ ತೀರ್ಮಾನಿಸಲಿ ಅಂದರು. ಡೊನಾಲ್ಡ್ ಟ್ರಂಪ್ ಮೂರು ಮದುವೆಯಾದವರು, ಕ್ಯಾಸಿನೊ ಮಾಲೀಕರಾಗಿದ್ದವರು. ಅವರು ಯಾವ ರಾಜಕಾರಣಿಯೂ ಮಾಡದ ಕೆಲಸ ಮಾಡಿದರು: ಯಾರನ್ನು ಜಡ್ಜ್ ಮಾಡ್ತೀನಿ ಅಂತ ಹೆಸರುಗಳ ಪಟ್ಟಿಯನ್ನೇ ಮೊದಲೇ ಪ್ರಕಟಿಸಿದರು. ಎಕ್ಸಿಟ್ ಪೋಲ್ ಪ್ರಕಾರ ಬಿಳಿ ಇವ್ಯಾಂಜೆಲಿಕಲ್‌ರಲ್ಲಿ ಶೇ 81ರಷ್ಟು ಜನ ಅವರಿಗೆ ವೋಟು ಹಾಕಿದರು. ಇದನ್ನು ಬೂಟಾಟಿಕೆ ಅಂತ ನಗುವವರು ಇದ್ದಾರೆ. ನನಗೆ ಹಾಗನ್ನಿಸಲ್ಲ. ರೇಗನ್‌ರಿಂದ ಭಾಷಣ ಪಡೆದು ಸುಸ್ತಾದವರು ಈ ಸಲ ಲಿಖಿತ ಕರಾರು ಕೇಳಿದರು. ಸಿಕ್ಕಿತು.

ದೇಶದ ಒಟ್ಟು ಮತಗಳಲ್ಲಿ ಟ್ರಂಪ್ ಸುಮಾರು 28 ಲಕ್ಷ ಹಿಂದಿದ್ದರು. ಗೆಲ್ಲಿಸಿದ್ದು ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ, ಮೂರೂ ಸೇರಿ 78 ಸಾವಿರದಷ್ಟು ಮತ. ಜಡ್ಜ್‌ಗಳನ್ನು ಒಪ್ಪುವ ಸೆನೆಟ್‌ನಲ್ಲಿ 6 ಲಕ್ಷಕ್ಕಿಂತ ಕಡಿಮೆ ಜನರಿರುವ ವಯೋಮಿಂಗ್‌ಗೂ ಇಬ್ಬರು, ಸುಮಾರು 3.9 ಕೋಟಿ ಜನರಿರುವ ಕ್ಯಾಲಿಫೋರ್ನಿಯಾಕ್ಕೂ ಇಬ್ಬರು. ಆನಿಕೆ ಎಲ್ಲಿದೆ ಅಂತ ಕಂಡಿತಲ್ಲ? ನಾಲ್ಕೇ ವರ್ಷದಲ್ಲಿ ಗೋರ್ಸಚ್, ಕ್ಯಾವನಾ, ಬ್ಯಾರೆಟ್ ಮೂವರು ನೇಮಕವಾದರು. ಏಮಿ ಕೋನಿ ಬ್ಯಾರೆಟ್ ಅವರ ಹೆಸರಿಗೆ ಸೆನೆಟ್ ಒಪ್ಪಿಗೆ ಕೊಟ್ಟಿದ್ದು 2020ರ ಚುನಾವಣೆಗೆ ಎಂಟು ದಿನ ಇರುವಾಗ. ಜನ ತೀರ್ಮಾನಿಸಲಿ ಅನ್ನುವ ಮಾತು ಆಗ ಯಾರಿಗೂ ನೆನಪಾಗಲಿಲ್ಲ. 2022ರ ಜೂನ್ 24ರಂದು ರೋ ತೀರ್ಪು ರದ್ದಾಯಿತು.

ಧಾರ್ಮಿಕ ಜನ ವೋಟು ಹಾಕೋದೇ ತಪ್ಪಾ ಅಂತ ನೀವು ಕೇಳಬಹುದು. ಖಂಡಿತ ಅಲ್ಲ. ಕಿಂಗ್ ಕೂಡ ಬ್ಯಾಪ್ಟಿಸ್ಟ್ ಪಾದ್ರಿ. ಅವರು ಬೋಧನೆ ಮಾಡುತ್ತಿದ್ದ ಅಟ್ಲಾಂಟಾದ ಎಬನೇಜರ್ ಚರ್ಚಿನ ಈಗಿನ ಪಾದ್ರಿ ರಫಾಯಲ್ ವಾರ್ನಾಕ್ 2021ರ ಜನವರಿಯಲ್ಲಿ ಡೆಮಾಕ್ರಟಿಕ್ ಸೆನೆಟರ್ ಆದರು. ಕಪ್ಪುಜನರ ಚರ್ಚುಗಳು ಭಾನುವಾರ ಪ್ರಾರ್ಥನೆ ಮುಗಿಸಿ ಬಸ್ಸಿನಲ್ಲಿ ಜನರನ್ನು ಮತಗಟ್ಟೆಗೆ ಕರೆದೊಯ್ಯುವ ಪದ್ಧತಿ ಇದೆ. ಅಲ್ಲಿ ಲೆಕ್ಕ ವೈರಿಕ್‌ರದ್ದಕ್ಕೆ ತದ್ವಿರುದ್ಧ, ಹೆಚ್ಚು ಜನ ಬರಬೇಕು. ನನ್ನ ತಕರಾರು ಇರೋದು ಜನ ಬರದಿರಲಿ ಅನ್ನುವ ಲೆಕ್ಕದ ಮೇಲೆ.

ಆ ಲೆಕ್ಕ ರೋ ರದ್ದಾದ ಮೇಲೆ ಬಯಲಿಗೆ ಬಂತು. 2022ರ ಆಗಸ್ಟ್‌ನಲ್ಲಿ ಕ್ಯಾನ್ಸಸ್ ರಾಜ್ಯ ಗರ್ಭಪಾತದ ಹಕ್ಕನ್ನು ತೆಗೆಯುವ ಪ್ರಸ್ತಾವವನ್ನು ನೇರವಾಗಿ ಜನರ ಮುಂದಿಟ್ಟಿತು. ಕ್ಯಾನ್ಸಸ್ ಅಂದ್ರೆ ಟ್ರಂಪ್ ಆರಾಮಾಗಿ ಗೆದ್ದ ರಾಜ್ಯ. ಶೇ 59ರಷ್ಟು ಜನ ಬೇಡ ಅಂದರು. ಓಹಾಯೋದಲ್ಲಿ ಇದೇ ವಿಷಯ 2023ರ ನವೆಂಬರ್‌ನಲ್ಲಿ ಮತಕ್ಕೆ ಬರುವುದಿತ್ತು. ಅದಕ್ಕೆ ಮೂರು ತಿಂಗಳು ಮುಂಚೆ, ಆಗಸ್ಟ್‌ನಲ್ಲಿ, ರಾಜ್ಯದ ರಿಪಬ್ಲಿಕನ್‌ರು ಇನ್ನೊಂದು ಮತದಾನ ಇಟ್ಟರು: ಇನ್ನು ಮುಂದೆ ಸಂವಿಧಾನ ತಿದ್ದಲು ಶೇ 50 ಸಾಲದು, ಶೇ 60 ಬೇಕು. ಬೇಸಿಗೆ ರಜೆ, ಜನ ಬರಲ್ಲ ಅನ್ನೋ ಅಂದಾಜು. ಜನ ಬಂದರು, ಶೇ 57ರಷ್ಟು ಮಂದಿ ಅದನ್ನು ತಳ್ಳಿಹಾಕಿದರು. ನವೆಂಬರ್‌ನಲ್ಲಿ ಗರ್ಭಪಾತದ ಹಕ್ಕೂ ಶೇ 57ರ ಆಸುಪಾಸಿನಲ್ಲಿ ಗೆದ್ದಿತು. ಫ್ಲಾರಿಡಾದಲ್ಲಿ ಶೇ 60ರ ನಿಯಮ ಮೊದಲೇ ಇತ್ತು. 2024ರಲ್ಲಿ ಅಲ್ಲಿ ಶೇ 57ರಷ್ಟು ಜನ ಹೌದು ಅಂದರೂ ಪ್ರಸ್ತಾವ ಸೋತಿತು. ಅದೇ ದಿನ ಟ್ರಂಪ್ ಎರಡನೇ ಸಲ ಅಧ್ಯಕ್ಷರಾಗಿ ಆಯ್ಕೆಯಾದರು.

ಡಲ್ಲಾಸ್, ಹ್ಯೂಸ್ಟನ್‌ನಲ್ಲಿ ನೆಲೆಸಿರುವ ನನ್ನ ಕಾಲೇಜು ಸ್ನೇಹಿತರು ಇದನ್ನೆಲ್ಲ ಪಕ್ಕದ ಮನೆಯ ಜಗಳದ ಹಾಗೆ ನೋಡುತ್ತಿದ್ದರು. ಮಕ್ಕಳು ಸರ್ಕಾರಿ ಶಾಲೆಗೆ ಹೋಗಲು ಶುರುವಾದ ಮೇಲೆ ಮಾತು ಬದಲಾಗಿದೆ. ಸ್ಕೂಲ್ ಬೋರ್ಡ್ ಚುನಾವಣೆಯಲ್ಲಿ ಯಾರು ನಿಂತಿದ್ದಾರೆ, ಲೈಬ್ರರಿಯಿಂದ ಯಾವ ಪುಸ್ತಕ ತೆಗೀತಾರೆ ಅಂತ ಈಗ ಅವರೇ ನನಗೆ ವರದಿ ಕೊಡ್ತಾರೆ. ರಾಲ್ಫ್ ರೀಡ್ ಮೂವತ್ತು ವರ್ಷದ ಹಿಂದೆ ಕೈಹಾಕಿದ ಜಾಗ ಅದು.

ತೆರಿಗೆ ಇಲಾಖೆ ಏನಾಯಿತು ಅಂತೀರಾ? 2025ರ ಜುಲೈನಲ್ಲಿ ಟೆಕ್ಸಾಸ್‌ನ ಫೆಡರಲ್ ಕೋರ್ಟಿಗೆ ಅದು ಒಂದು ಅರ್ಜಿ ಕೊಟ್ಟಿತು. ಧಾರ್ಮಿಕ ಪ್ರಸಾರಕರ ಸಂಘ ಹೂಡಿದ್ದ ದಾವೆಯಲ್ಲಿ ರಾಜಿ ಅರ್ಜಿ ಅದು. ಪೂಜಾ ಸ್ಥಳದಲ್ಲಿ ಧಾರ್ಮಿಕ ಸಭೆಯ ಭಾಗವಾಗಿ ಪಾದ್ರಿ ತನ್ನ ಭಕ್ತರಿಗೆ ಅಭ್ಯರ್ಥಿಯ ಬಗ್ಗೆ ಹೇಳಿದರೆ ಅದು 1954ರ ತಿದ್ದುಪಡಿಯ ಉಲ್ಲಂಘನೆ ಅಲ್ಲ, ಮನೆಯವರ ನಡುವೆ ಆಡಿಕೊಳ್ಳುವ ಮಾತಿನಂತೆ ಎಂದು ಇಲಾಖೆಯೇ ಬರೆದುಕೊಟ್ಟಿತ್ತು.